ಕುಶನೂರಿಗೆ ಬಾ ಅಂದ ಗೆಳೆಯ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಮ್ಮಿಬ್ಬರಿಗೂ ಮಂಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಅವನು ಔರಾದ ಕಡೆಯ ಠಾಣಾ ಕುಶನೂರಿನವನು, ಕುರಿ ಸಾಕುವ ಮನೆತನ. ನಾನು ಭಾಲ್ಕಿ ಹತ್ತಿರದ ಭಾತಂಬ್ರಾದವನು. ನಮ್ಮ ಕೇರಿಯವರೆಲ್ಲ ಆಗಷ್ಟೇ ಬೌದ್ಧರಾಗಿದ್ದೆವು. ನಾವು ಬದಲಾದೆವು, ಊರು ಬದಲಾಗಲಿಲ್ಲ. ಊರವರ ಹೊಸ್ತಿಲು ನಮಗೆ ಹಿಂದಿನಷ್ಟೇ ದೂರ. ಇದೆಲ್ಲ ಅವನಿಗೆ, ಇಬ್ಬರೂ ಸೇರಿ ಒಂದೇ ಕೋಣೆ ಹಿಡಿದ ಮೊದಲ ದಿನವೇ ಹೇಳಿದ್ದೆ. "ಇಲ್ಲಿ ಯಾರು ಕೇಳ್ತಾರ, ಬಿಡೋ" ಎಂದು ತನ್ನ ಹಾಸಿಗೆಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಿದ್ದ.

ದಸರೆ ಮುಗಿಯುತ್ತಲೇ ಅವನಿಗೆ ಔರಾದಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಭಾನುವಾರ. "ಇವತ್ತು ಬರೇ ತಿರುಗೂದು" ಎಂದ. ಮಳೆ ನಿಂತು ಒಳ್ಳೆಯ ಬಿಸಿಲು ಬಿದ್ದಿತ್ತು. ದಕ್ಕೆಯಲ್ಲಿ ಹಾಯಿಹಡಗುಗಳಿಗೆ ಹಂಚು ತುಂಬುತ್ತಿದ್ದರು. ಅವನು ಒಂದೊಂದರ ಮುಂದೂ ನಿಂತು, ಹತ್ತಿ ಹೋಗುವವನ ಹಾಗೆ, ಇದು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದ. ನನಗೆ ಒಳಗೊಳಗೇ ಉರಿಯುತ್ತಿತ್ತು. ಕೇಳಬೇಕಾದ್ದು ಒಂದೇ ಮಾತು: ರಜೆಗೆ ಬಂದಾಗ ನಿನ್ನ ಮನೆಗೆ ಬರಲೇ? ಈ ಭೂಮಿಯ ಮೇಲೆ ನನಗಿದ್ದ ಒಬ್ಬನೇ ಗೆಳೆಯ. ಊರು ಸೇರಿದೊಡನೆ ಅವನೂ ಊರವರಲ್ಲಿ ಒಬ್ಬನಾಗಿಬಿಟ್ಟರೆ ನನ್ನ ಗತಿಯೇನು? ಆ ಹೆದರಿಕೆಗೆ ಕೇಳದೆ ಅವನ ಹಿಂದೆ ಹಿಂದೆ ನಡೆದೆ.

ದಕ್ಕೆ ಬದಿಯ ಹೋಟೆಲಿನಲ್ಲಿ, ನಮ್ಮ ಕಡೆಯ ರೂಢಿಯಂತೆ, ಇಬ್ಬರಿಗೂ ಸೇರಿಸಿ ಒಂದೇ ಚಹಾ ಹೇಳಿದ. ಅರ್ಧ ಕುಡಿದು ಕಪ್ಪು ನನಗೆ ಕೊಟ್ಟ. ನಾನು ಎರಡು ಗುಟುಕು ಹೀರಿದ್ದೆನೋ ಇಲ್ಲವೋ, "ಸಕ್ರಿ ತಳಕ್ಕ ಕುಂತದ, ತಾ ಇಲ್ಲಿ" ಎಂದು ಕಸಿದುಕೊಂಡು ಉಳಿದದ್ದನ್ನು ತಾನೇ ಮುಗಿಸಿದ. ಹೋಟೆಲಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ನಮ್ಮ ಕಡೆ ಆಗಿದ್ದರೆ ಕಪ್ಪು ಒಡೆಯುತ್ತಿದ್ದರು, ಜೊತೆಗೆ ನನ್ನ ತಲೆಯನ್ನೂ.

ಆಮೇಲೆ ದೋಣಿ ಹತ್ತಿ, ನದಿಗೂ ಸಮುದ್ರಕ್ಕೂ ನಡುವಿನ ಮರಳದಂಡೆ ಬೆಂಗ್ರೆಗೆ ಹೋದೆವು. ಅವನು ಧೋತರ ಎತ್ತಿ ಕಟ್ಟಿ, ಮೊಣಕಾಲುದ್ದ ಸಮುದ್ರದಲ್ಲಿ ನಿಂತು, ತೆರೆ ಬಂದಾಗಲೆಲ್ಲ ಕುರಿ ಹಿಂಡನ್ನು ತಿರುಗಿಸುವಂತೆ ಕೈ ಬೀಸಿ ಕೂಗುತ್ತಿದ್ದ. ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ತಿರುಗಿ ಬರುವ ದೋಣಿಯಲ್ಲಿ ಕೇಳಿಯೇ ಬಿಟ್ಟೆ.

"ಬಾ, ಯಾಕ ಬರಬಾರ್ದು?" ಎಂದ ತಟ್ಟನೆ. "ನಾ ಎಲ್ಲಾ ವಿಚಾರ ಮಾಡೇನಿ. ಭಾತಂಬ್ರಾದಾಗ ನಮ್ಮ ಮಂದಿದು ನಾಲ್ಕ ಮನಿ ಅವ. ಅವರ ಪೈಕಿ ಅಂತ ಅವ್ವಗ ಹೇಳ್ತೇನಿ. ಎರಡ ದಿನ ನೀ ಹೂಂ ಅಂತ ಇದ್ರ ಆಯ್ತು."

ಬರಬೇಡ ಅಂದಿದ್ದರೆ ಜಗಳ ಆಡಬಹುದಿತ್ತು. ಅವನ ಮುಖದಲ್ಲಿ ಬರೀ ಪ್ರೀತಿಯಿತ್ತು. ಅದರೆದುರು ನಾನು ಸೋತುಹೋದೆ.

"ನಿಮ್ಮಪ್ಪ ಯಾರು ಅಂತ ಅವ್ವ ಕೇಳಿದ್ರ?" ಎಂದೆ.

ಚುಚ್ಚಲೆಂದೇ ಕೇಳಿದ್ದು. ಅವನಿಗೆ ತಾಗಲಿಲ್ಲ. ಹುಬ್ಬು ಗಂಟಿಕ್ಕಿ ಯೋಚನೆಗೆ ಬಿದ್ದ. ಆ ನಾಲ್ಕು ಮನೆಗಳ ಹಿರಿಯರನ್ನು ಒಬ್ಬೊಬ್ಬರಾಗಿ ನೆನೆದು, ಇವನ ಮಕ್ಕಳು ಅವ್ವನಿಗೆ ಗೊತ್ತು, ಅವನಿಗೆ ಮಕ್ಕಳೇ ಇಲ್ಲ ಎಂದು ಕೈಬಿಡುತ್ತಾ, ದೋಣಿ ದಡ ಮುಟ್ಟುವ ತನಕ ನನಗೊಬ್ಬ ಅಪ್ಪನನ್ನು ಹುಡುಕುತ್ತಲೇ ಇದ್ದ.