ಬೇವಿನ ನೆರಳಲ್ಲಿ ಸತ್ತ ಹುಳು

ಎಂಟು ವರ್ಷಗಳ ಹಿಂದಿನ ಏಪ್ರಿಲ್. ಒಂಬತ್ತೂ ಇರಬಹುದು, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆಗ ಬೀದರಿನ ಒಂದು ಜೈವಿಕ ಕೀಟ ನಿಯಂತ್ರಣ ಪ್ರಯೋಗಾಲಯದ ಮುಖ್ಯಸ್ಥನಾಗಿದ್ದೆ. ನಾವು ತಯಾರಿಸುತ್ತಿದ್ದುದು ಎನ್‌ಪಿವಿ, ಅಂದರೆ ಮರಿಹುಳುಗಳಿಗೆ ಮಾತ್ರ ರೋಗ ತರುವ ವೈರಸ್. ಚಳಿಗಾಲದಲ್ಲಿ ಭಾಲ್ಕಿಯ ತೊಗರಿ ಹೊಲಗಳಲ್ಲಿ ಅದು ಸೋತದ್ದಿಲ್ಲ.

ಔರಾದ ತಾಲ್ಲೂಕಿನ ಸಂತಪುರದ ಬಳಿ, ಕುರಿ ಸಾಕುವ ಮಲ್ಲಪ್ಪನ ಬೇಸಿಗೆ ಶೇಂಗಾಕ್ಕೆ ಎಲೆ ತಿನ್ನುವ ಸ್ಪೋಡಾಪ್ಟೆರಾ ಹುಳು ಬಿತ್ತು. ವಿಷ ಹೊಡೆದರೆ ಬಳ್ಳಿಯನ್ನು ಕುರಿಗೆ ಹಾಕುವಂತಿರಲಿಲ್ಲ. ಮಳೆಗಾಲದವರೆಗೆ ಅವನ ಅರವತ್ತು ಕುರಿಗೆ ಅದೇ ಮೇವು. ಹಾಗಾಗಿ ಒಂದು ಸಂಜೆ ಆ ಹುಳುವಿಗೆ ತಗಲುವ ಬಗೆಯ ವೈರಸ್ ಸಿಂಪಡಿಸಿದೆವು. ಎಂಟನೆಯ ದಿನ ಹೋದರೆ ಹುಳು ಆರಾಮಾಗಿ ಮೇಯುತ್ತಿದ್ದವು.

“ನಿಮ್ಮ ದವಾ ಹುಳಕ್ಕ ಟಾನಿಕ್ ಆಗ್ಯಾದ್ರಿ ಸಾಹೇಬ್ರ,” ಎಂದ ಮಲ್ಲಪ್ಪ. “ಇನ್ನೊಂದ್ ವಾರ ನೋಡ್ತೇನಿ. ಆಮ್ಯಾಲ ಝಹರಾನೇ ಹೊಡಿತೇನಿ.” ಬದುವಿನ ಬೇವಿನ ಮರದತ್ತ ಕೈ ತೋರಿಸಿದ. “ಆ ನೆಳ್ಳಾಗಿನವು ಅಷ್ಟೇ ಸತ್ತಾವ ನೋಡ್ರಿ. ಬಿಸಲಾಗಿನವು ಗಟ್ಟಿ ಅವ.”

ಔಷಧ ಅಲ್ಲಷ್ಟೇ ಸರಿಯಾಗಿ ಬಿದ್ದಿರಬೇಕು ಎಂದುಕೊಂಡೆ. ಆದರೂ ಬಿಸಿಲಿನ ಕಡೆಯ ನಲವತ್ತು ಹುಳು ಹಿಡಿದು ತಂದು, ಇಪ್ಪತ್ತನ್ನು 27 ಡಿಗ್ರಿಯ ಪೆಟ್ಟಿಗೆಯಲ್ಲಿ, ಇಪ್ಪತ್ತನ್ನು 40 ಡಿಗ್ರಿಯದರಲ್ಲಿ ಇಟ್ಟೆ. ಮೂರನೆಯ ದಿನಕ್ಕೆ ತಂಪಿನಲ್ಲಿದ್ದ ಹದಿನೇಳು ಕಪ್ಪಾಗಿ ಸತ್ತಿದ್ದವು. ಬಿಸಿಯಲ್ಲಿದ್ದವು ಎಲೆ ಕೇಳುತ್ತಿದ್ದವು. ವೈರಸ್ ಹುಳುವಿನ ಮೈ ಸೇರಿತ್ತು. ಹಗಲಿನ ಕಾವು ಅದನ್ನು ಬೆಳೆಯಗೊಟ್ಟಿರಲಿಲ್ಲ. ಬಾಟಲಿಯ ಮೇಲಿನ ಸೂಚನೆಗಳನ್ನು ಬರೆದವನು ನಾನೇ, ತೊಗರಿಯ ಚಳಿಗಾಲ ನೋಡಿಕೊಂಡು.

ಮರುದಿನದಿಂದ, ಔಷಧ ತೊಳೆದುಹೋಗುತ್ತದೆಂದು ಪುಸ್ತಕಗಳು ಬೇಡವೆನ್ನುವ ಕೆಲಸ ಮಾಡಿಸಿದೆ: ಕಾವು ಇಳಿಯಲೆಂದು ನಡುಮಧ್ಯಾಹ್ನ ಹೊಲಕ್ಕೆ ಸ್ಪ್ರಿಂಕ್ಲರ್.

“ಹುಳಕ್ಕ ಜಳಕಾ ಮಾಡಸ್ತೀರೇನ್ರಿ? ಸಾಬೂನ್ ತರ್ಲೇನ್ರಿ?” ಎಂದಳು ಮಲ್ಲಪ್ಪನ ಹೆಂಡತಿ ಶರಣಮ್ಮ.

ಮಲ್ಲಪ್ಪ ಹೇಳಿದ್ದ ವಾರ ಮುಗಿಯುವ ಬೆಳಿಗ್ಗೆ ಹುಳುಗಳು ಸತ್ತು ಎಲೆಗಳಿಂದ ತಲೆಕೆಳಗಾಗಿ ಜೋತುಬಿದ್ದಿದ್ದವು. ಆ ಮಧ್ಯಾಹ್ನ ಮಲ್ಲಪ್ಪ ಪಂಪ್ ಹಚ್ಚಲಿಲ್ಲ. ಶೇಂಗಾ ಕಿತ್ತ ಮೇಲೆ ಕುರಿಗಳು ಬಳ್ಳಿಗೆ ಬಾಯಿ ಹಾಕಿದ್ದನ್ನು ನಿಂತು ನೋಡಿದೆ. ಅಷ್ಟು ಹೆಮ್ಮೆ ನೌಕರಿಯಲ್ಲಿ ಮತ್ತೆ ಆಗಿಲ್ಲ.

ನಿವೃತ್ತನಾದ ಮೇಲೆ ಈ ಕಥೆ ಹೇಳುವಾಗಲೆಲ್ಲ ನೆರಳಿನ ವ್ಯತ್ಯಾಸ ಕಂಡವನು ನಾನೇ ಎನ್ನುತ್ತಿದ್ದೆ, ನನ್ನ ನೆನಪೂ ಹಾಗೆಯೇ ಇತ್ತು. ಮೊನ್ನೆ ಅನುಮಾನ ಬಂದು, ಇಸವಿ ಬರೆಯದ ಹಳೆಯ ಡೈರಿ ತೆಗೆದೆ. ಅಲ್ಲಿ ನನ್ನದೇ ಅಕ್ಷರ: ‘ಮಲ್ಲಪ್ಪ: ನೆರಳಿನವು ಸತ್ತಿವೆ. ನಂಬಿಕೆಯಿಲ್ಲ.’ ನಂಬದಿದ್ದರೂ ಬರೆದುಕೊಂಡಿದ್ದೆ. ನೌಕರಿ ನನಗೆ ಕಲಿಸಿದ್ದು ಅಷ್ಟೇ, ಅದು ಕಡಿಮೆಯಲ್ಲ.