ಬೆನ್ನು ಒಳಗಿಟ್ಟ ಪುಸ್ತಕಗಳು

ಇವತ್ತು ಮಧ್ಯಾಹ್ನ ಕುವೈತಿನ ಸಾಲ್ಮಿಯಾದ ಒಂದು ಮಾಲಿನಲ್ಲಿ ಹೊಸ ಫೋನೊಂದನ್ನು ಕೈಗೆತ್ತಿಕೊಂಡೆ. ಕೊಳ್ಳಲಿಕ್ಕಲ್ಲ, ಕೊಳ್ಳುವವನ ಮುಖ ಹೊತ್ತು ಎಸಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಲಿಕ್ಕೆ. ಆ ಮುಖ ನನಗೆ ಚೆನ್ನಾಗಿ ಬರುತ್ತದೆ. ಕಿವಿಯ ಹತ್ತಿರ ತರುವಷ್ಟರಲ್ಲಿ ಹಿಂದಿನಿಂದ ಯಾರೋ ಜಗ್ಗಿದ ಹಾಗಾಯಿತು. ನೋಡಿದರೆ ಫೋನಿಗೊಂದು ಸುರುಳಿ ತಂತಿ, ಅದರ ಇನ್ನೊಂದು ತುದಿ ಮೇಜಿಗೆ. ಅಷ್ಟಕ್ಕೇ ನನ್ನ ಎದೆ ಧಸಕ್ಕೆಂದಿತು. ಇದರಲ್ಲಿ ಬೆಚ್ಚಿಬೀಳುವಂಥದ್ದೇನಿದೆ ಎಂದು ನೀವು ಕೇಳಬಹುದು. ನೀವು ಸುಮತಿ ಅತ್ತೆಯ ಜೊತೆ ಆಕ್ಸ್‌ಫರ್ಡಿಗೆ ಹೋಗಿಲ್ಲ, ಅದಕ್ಕೇ ಕೇಳುತ್ತೀರಿ.

ಸುಮತಿ ಅತ್ತೆ ಅಪ್ಪನ ಅಕ್ಕ. ಕುವೈತಿನ ಒಂದು ಭಾರತೀಯ ಶಾಲೆಯಲ್ಲಿ ಮೂವತ್ತು ವರ್ಷ ಚರಿತ್ರೆ ಕಲಿಸಿದವರು. ನನಗೂ ಕಲಿಸಿದರು ಎನ್ನಬೇಕು, ನಾನು ಕಲಿತೆನೋ ಇಲ್ಲವೋ ಅದು ಬೇರೆ ಮಾತು. ಎಂಟನೇ ಕ್ಲಾಸಿನಲ್ಲಿ ಅವರದೊಂದು ಹೆಸರಾಂತ ಪಾಠವಿತ್ತು. ಹಿಂದಿನ ಕಾಲದ ಗ್ರಂಥಾಲಯಗಳಲ್ಲಿ ಪುಸ್ತಕವೆಂದರೆ ಅಷ್ಟು ದುಬಾರಿ ವಸ್ತುವಂತೆ, ಯಾರೂ ಹೊತ್ತೊಯ್ಯದಂತೆ ಕಪಾಟಿಗೆ ಸರಪಳಿ ಹಾಕಿ ಕಟ್ಟುತ್ತಿದ್ದರಂತೆ. ಅತ್ತೆ ಬೋರ್ಡಿನ ಮೇಲೆ ಸಾಲಾಗಿ ಪುಸ್ತಕಗಳ ಚಿತ್ರ ಬರೆದು, ಒಂದೊಂದರ ಬೆನ್ನಿಗೂ ಹೆಸರು ಬರೆದು, ಆ ಬೆನ್ನಿನಿಂದಲೇ ಸರಪಳಿ ಇಳಿಬಿಡುತ್ತಿದ್ದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮಕ್ಕಳೇ, ಕಣ್ಣು ಮುಚ್ಚಿ. ಈಗ ನೀವು ಆಕ್ಸ್‌ಫರ್ಡಿನಲ್ಲಿದ್ದೀರಿ" ಎನ್ನುವರು. ಅವರು ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ. ನಾನು ಮಿಮಿಕ್ರಿ ಮಾಡುವಾಗ ಕನ್ನಡದಲ್ಲಿ ಮಾಡುತ್ತೇನೆ, ಚಪ್ಪಾಳೆ ಜಾಸ್ತಿ ಬೀಳುತ್ತದೆ.

ಹೌದು, ನಾನು ಎಲ್ಲರನ್ನೂ ಮಾಡುತ್ತೇನೆ. ಮಿರ್ಕಾಬಿನ ನನ್ನ ಆಫೀಸಿನ ಮ್ಯಾನೇಜರ್ "ಯಲ್ಲಾ ಯಲ್ಲಾ" ಎಂದು ಎಲ್ಲರನ್ನೂ ಅವಸರ ಮಾಡುತ್ತ ತಾನು ಮಾತ್ರ ಕುರ್ಚಿಯಿಂದ ಏಳದಿರುವುದು, ನನ್ನ ಅಪ್ಪ ಫೋನಿನಲ್ಲಿ ಊರಿನವರ ಹತ್ತಿರ ಕಿರುಚುವುದು, ಹುಡುಗಿಯರ ಮುಂದೆ ನಾನು ಹೊಟ್ಟೆ ಒಳಗೆಳೆದುಕೊಳ್ಳುವುದು, ಎಲ್ಲವೂ ನನ್ನ ಸರಕು. ಯಾರ ಮನೆಯಲ್ಲಿ ಊಟವಿದ್ದರೂ ಪಾಯಸದ ನಂತರ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಾರೆ.

ಈ ವರ್ಷ ಅತ್ತೆಗೆ ನಿವೃತ್ತಿ. ಇಲ್ಲಿ ಇರಲಿಕ್ಕೆ ಕೊಟ್ಟ ಇಕಾಮಾ ಪರವಾನಗಿ ಮುಗಿಯುತ್ತದೆ, ಕುವೈತ್ ಖಲಾಸ್, ಇನ್ನು ಉಡುಪಿ. ಅದಕ್ಕೆ ಮೊದಲು ಆ ಸರಪಳಿ ಗ್ರಂಥಾಲಯ ನೋಡಲೇಬೇಕೆಂದು ಹಟ ಹಿಡಿದರು. "ಒಮ್ಮೆ ಕಣ್ಣಲ್ಲಿ ನೋಡ್ಬೇಕು ಮಾರಾಯಾ. ಇಲ್ಲದಿದ್ರೆ ನಾನು ಮೂವತ್ತು ವರ್ಷ ಹೇಳಿದ್ದು ಬರೀ ಬಾಯಿಪಾಠ ಆಗ್ತದೆ" ಎಂದರು. ಆಕ್ಸ್‌ಫರ್ಡಿನ ಒಂದು ಹಳೇ ಕಾಲೇಜಿಗೆ ತಾವೇ ಪತ್ರ ಬರೆದು ದಿನ ಗೊತ್ತು ಮಾಡಿಕೊಂಡರು. ಸೂಟ್‌ಕೇಸ್ ಎಳೆಯಲಿಕ್ಕೆ ಮನೆಯವರು ನನ್ನನ್ನು ಜೊತೆ ಮಾಡಿ ಕಳಿಸಿದರು.

ಆ ಊರು ನನ್ನನ್ನು ಹೆಜ್ಜೆಹೆಜ್ಜೆಗೂ ದಂಗುಬಡಿಸಿತು. ಮೊಣಕೈ ಹರಿದ ಸ್ವೆಟರ್ ಹಾಕಿ, ತುಕ್ಕು ಹಿಡಿದ ಸೈಕಲ್ ತುಳಿಯುತ್ತಿದ್ದ ಮುದುಕನನ್ನು ಕಂಡು ನಾನು ಅಯ್ಯೋ ಪಾಪ ಎಂದುಕೊಂಡರೆ, ಅವರು ದೊಡ್ಡ ಪ್ರೊಫೆಸರಂತೆ. ಕಾಲೇಜುಗಳ ಒಳಗೆ ರೇಷ್ಮೆಯಂಥ ಹುಲ್ಲು, ಪಕ್ಕದಲ್ಲೇ 'ಹುಲ್ಲಿನ ಮೇಲೆ ಕಾಲಿಡಬೇಡಿ' ಎಂಬ ಬೋರ್ಡು. ಕುವೈತಿನಲ್ಲಿ ಚಾಪೆಯಗಲ ಹುಲ್ಲು ಕಂಡರೂ ಕೂತು ಬಿರಿಯಾನಿ ಡಬ್ಬಿ ಬಿಚ್ಚುವವರು ನಾವು. "ಹಾಗಾದರೆ ಇದನ್ನು ಬೆಳೆಸುವುದು ಯಾಕೆ ಅತ್ತೆ?" ಎಂದೆ. "ನಿನ್ನಂಥವರನ್ನು ದೂರ ಇಡ್ಲಿಕ್ಕೆ" ಎಂದರು.

ಕಾಲೇಜಿನ ಬಾಗಿಲಲ್ಲಿ ಗುಂಡನೆಯ ಕರೀ ಬೌಲರ್ ಟೋಪಿ ಹಾಕಿದ ದ್ವಾರಪಾಲಕರೊಬ್ಬರು ಕೂತಿದ್ದರು. ಅತ್ತೆ ಸೀದಾ ಹೋಗಿ ನಮ್ಮಿಬ್ಬರ ಕುವೈತಿ ಸಿವಿಲ್ ಐಡಿಗಳನ್ನು ಅವರ ಮುಂದಿಟ್ಟು, ವಿಸಿಟರ್ ಪಾಸಿಗಾಗಿ ಕೈ ಚಾಚಿ ನಿಂತರು. ನಮ್ಮಲ್ಲಿ ಯಾವ ಕಟ್ಟಡಕ್ಕೆ ಹೋದರೂ ಕೆಳಗಿನ ಸೆಕ್ಯುರಿಟಿಗೆ ಐಡಿ ಒಪ್ಪಿಸಿಯೇ ಲಿಫ್ಟ್ ಹತ್ತುವುದಲ್ಲವೇ, ಮೂವತ್ತು ವರ್ಷದ ಅಭ್ಯಾಸ. ಟೋಪಿಯವರು ಅರಬಿಯಲ್ಲಿದ್ದ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಬಹಳ ಚೆನ್ನಾಗಿದೆ ಮೇಡಂ" ಎಂದು ವಾಪಸು ಕೊಟ್ಟರು. ನಾನು ಅಂಗಳ ದಾಟುವ ತನಕ ಅವರ ದನಿಯಲ್ಲಿ "ಬಹಳ ಚೆನ್ನಾಗಿದೆ ಮೇಡಂ" ಎನ್ನುತ್ತಲೇ ಹೋದೆ. ಅತ್ತೆಗೆ ನಗು ತಡೆಯಲಾಗಲಿಲ್ಲ. ಅವರು ಅವತ್ತು ನಕ್ಕದ್ದು ಅದೇ ಕೊನೆ.

ಮರದ ಮೆಟ್ಟಿಲು ಹತ್ತಿ ಗ್ರಂಥಾಲಯದ ಒಳಗೆ ಹೋದೆವು. ಹಳೇ ಓಕ್ ಮರದ ವಾಸನೆ, ಸಣ್ಣ ಕಿಟಕಿ, ಅದರ ಪಕ್ಕದಲ್ಲಿ ಆ ಕಪಾಟು. ಸರಪಳಿಗಳಿದ್ದವು. ಪುಸ್ತಕಗಳಿದ್ದವು. ಆದರೆ ಒಂದು ಪುಸ್ತಕಕ್ಕೂ ಹೆಸರಿಲ್ಲ! ಎಲ್ಲವೂ ಬೆನ್ನನ್ನು ಒಳಗೆ ಹಾಕಿ, ಕಾಗದದ ಅಂಚನ್ನು ನಮ್ಮ ಕಡೆ ಮಾಡಿ ನಿಂತಿದ್ದವು. ನಮ್ಮನ್ನು ಕರೆದೊಯ್ದಿದ್ದ ಹುಡುಗಿ ವಿವರಿಸಿದಳು: ಸರಪಳಿಯನ್ನು ರಟ್ಟಿನ ಅಂಚಿಗೆ ಹಾಕುತ್ತಿದ್ದರು, ಬೆನ್ನಿಗಲ್ಲ. ಬೆನ್ನು ಹೊರಗಿದ್ದರೆ ಪುಸ್ತಕ ತೆಗೆಯುವಾಗ ಸರಪಳಿ ತೊಡಕಿಕೊಳ್ಳುತ್ತದೆ. ಅದಕ್ಕೇ ಹೀಗೆ.

ನಾನು ಬಾಯಿ ತೆರೆದೆ, ಏನೋ ಕುಚೋದ್ಯ ಹೇಳಲಿಕ್ಕೆ. ಅತ್ತೆಯ ಮುಖ ನೋಡಿ ಮುಚ್ಚಿಕೊಂಡೆ. ಬಣ್ಣ ಇಳಿದುಹೋಗಿತ್ತು.

"ವೈಶಾಲಿ" ಎಂದರು.

"ಯಾರು ಅತ್ತೆ?"

"ನಿನ್ನ ಕ್ಲಾಸಿನವಳು. ಅವಳು ಹೇಳಿದ್ಲು. ಸರಿಯಾಗಿ ಇದನ್ನೇ ಹೇಳಿದ್ಲು."

ಆಗ ನನಗೂ ನೆನಪು ನುಗ್ಗಿ ಬಂತು. ವೈಶಾಲಿಯ ಅಪ್ಪ ಧಾರವಾಡದ ಕಡೆಯವರು, ಶುಐಬಾದ ತೈಲ ಕಾರ್ಖಾನೆಯಲ್ಲಿ ಟೆಕ್ನೀಶಿಯನ್. ಅವಳು ಆ ವರ್ಷವಷ್ಟೇ ಊರಿನಿಂದ ಬಂದಿದ್ದಳು, ಇಂಗ್ಲಿಷ್ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಅತ್ತೆಯ ಚಿತ್ರ ನೋಡಿದ್ದೇ ಎದ್ದು ನಿಂತು, "ಹಂಗಲ್ರೀ ಟೀಚರ್! ಬೆನ್ನು ಒಳಗ ಇರ್ತಾವ್ರೀ! ನಮ್ಮ ಕಾಕಾನ ಪುಸ್ತಕದಾಗ ಫೋಟೋ ಐತ್ರೀ!" ಎಂದು ಕೂಗಿದ್ದಳು. ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. "ಪುಸ್ತಕದ ಹೆಸರು ಗೋಡೆಗೆ ತೋರಿಸ್ತಾರಾ?" ಎಂದು ಅತ್ತೆಯೂ ನಕ್ಕು, ಅವಳು ಮತ್ತೆ ವಾದಿಸಿದ್ದಕ್ಕೆ ಪೀರಿಯಡ್ ಮುಗಿಯುವ ತನಕ ಬಾಗಿಲ ಹೊರಗೆ ನಿಲ್ಲಿಸಿದ್ದರು.

ಹೊರಗೆ ಬಂದು ನದಿಯ ದಡದ ಬೆಂಚಿನ ಮೇಲೆ ಕೂತೆವು. ನೀರಿನಲ್ಲಿ ದೋಣಿಗಳು, ದೋಣಿಯಲ್ಲಿ ಉದ್ದ ಕೋಲು ಊರುತ್ತಿದ್ದ ಹುಡುಗರು. ಅತ್ತೆ ಒಂದನ್ನೂ ನೋಡಲಿಲ್ಲ. "ಮೂವತ್ತು ವರ್ಷ ತಪ್ಪು ಹೇಳಿಕೊಟ್ಟೆ. ಸರಿ ಹೇಳಿದ ಒಂದೇ ಒಂದು ಮಗುವನ್ನು ಹೊರಗೆ ನಿಲ್ಸಿದೆ. ಅವಳ ನಂಬರ್ ಹುಡುಕು. ಈಗಲೇ" ಎಂದರು.

ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಅವಳಿದ್ದಳು, ಯಾವತ್ತೂ ಒಂದಕ್ಷರ ಬರೆಯದ ಸದಸ್ಯೆ; ಹೆಸರಿನ ಕೆಳಗೆ ಮಿರ್ಕಾಬಿನ ಒಂದು ಆಫೀಸಿನ ವಿಳಾಸವಿತ್ತು. ಸ್ಪೀಕರ್ ಹಾಕಿ ಫೋನನ್ನು ಅತ್ತೆಗೆ ಹಿಡಿದೆ. ಅತ್ತೆ ಕನ್ನಡದಲ್ಲಿ ಎಲ್ಲವನ್ನೂ ಹೇಳಿದರು, ಕಪಾಟು, ಸರಪಳಿ, ಬಾಗಿಲು. "ನನ್ನದು ತಪ್ಪಾಯ್ತು ಮಗಾ" ಎಂದರು. ಮಕ್ಕಳಿಗೆ ಟೀಚರ್ ತಪ್ಪಾಯ್ತೆನ್ನುವುದನ್ನು ನಾನು ಅದೇ ಮೊದಲು ಕೇಳಿದ್ದು.

ವೈಶಾಲಿ ಉತ್ತರಿಸಿದ್ದು ನುಣುಪಾದ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಂದರೆ ಹೀಗೆ: "ಟೀಚರ್, ಪುಸ್ತಕದ ವಿಷಯ ನನಗೆ ನೆನಪೇ ಇಲ್ಲ. ಬಾಗಿಲ ಹೊರಗೆ ನಿಂತದ್ದೂ ಹೆಚ್ಚೇನಲ್ಲ. ನಿಮ್ಮ ಅಣ್ಣನೋ ತಮ್ಮನೋ, ಅವರ ಮಗ ಇದ್ದನಲ್ಲ, ಅವನು ಆಮೇಲೆ ವರ್ಷವಿಡೀ ನನ್ನ ದನಿ ಮಾಡಿದ. ಬಸ್ಸಲ್ಲಿ, ಕ್ಯಾಂಟೀನಲ್ಲಿ, ಅಸೆಂಬ್ಲಿಯಲ್ಲಿ. 'ಹಂಗಲ್ರೀ, ಹಂಗಲ್ರೀ' ಅಂತ. ಅವತ್ತಿನಿಂದ ನಾನು ಮನೆಯ ಹೊರಗೆ ಕನ್ನಡ ಮಾತಾಡಿಲ್ಲ."

ಮಿರ್ಕಾಬಿನ ನನ್ನ ಆಫೀಸಿನಿಂದ ಎರಡೇ ರಸ್ತೆ ಆಚೆ ಕೆಲಸ ಮಾಡುವ ಒಬ್ಬಳು, ನನ್ನಿಂದಾಗಿ, ಇಷ್ಟು ವರ್ಷ ತನ್ನ ಭಾಷೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದಾಳೆ. ಮತ್ತು ನಾನು ಅದನ್ನು ನನ್ನ ಪ್ರತಿಭೆ ಎಂದುಕೊಂಡಿದ್ದೆ! ಅತ್ತೆ ಫೋನನ್ನು ನನ್ನ ಕಡೆ ಚಾಚಿದರು. ಊರಿನ ಎಲ್ಲರ ದನಿಯೂ ಬರುವ ನನ್ನ ಗಂಟಲಿನಿಂದ ಒಂದು ಕೆಮ್ಮು ಮಾತ್ರ ಹೊರಟಿತು. ಅವಳು ಫೋನಿಟ್ಟಳು.

ಇದೆಲ್ಲ ಆಗಿ ಮೂರು ವಾರ. ಅತ್ತೆ ವಾಪಸು ಬಂದವರೇ ಸಿಕ್ಕ ಬ್ಯಾಚುಗಳಿಗೆಲ್ಲ ತಿದ್ದುಪಡಿ ಕಳಿಸಿದರು, ಸರಿಯಾದ ಚಿತ್ರ ಬರೆದು. ಅದನ್ನು ಮಗಳ ಫೋನಿನಲ್ಲಿ ನೋಡಿ ವೈಶಾಲಿಯ ಅಮ್ಮ ಅತ್ತೆಗೆ ಫೋನ್ ಮಾಡಿ, ಊರಿಗೆ ಹೋಗುವ ಮೊದಲು ಒಮ್ಮೆ ಮನೆಗೆ ಊಟಕ್ಕೆ ಬನ್ನಿ ಎಂದು ಕರೆದರು. ಊಟ ಇವತ್ತು ಸಂಜೆಗಿತ್ತು. ನಾನು ಮಾಲಿಗೆ ಹೋದದ್ದು ಸ್ವೀಟ್ ಡಬ್ಬಿ ಕೊಳ್ಳಲಿಕ್ಕೆ. ಫೋನಿನ ಅಂಗಡಿಗೆ ನುಗ್ಗಿದ್ದು ಹೊತ್ತು ತಳ್ಳಲಿಕ್ಕೆ, ನಿಮ್ಮ ಹತ್ತಿರ ಎಸಿ ಎಂದು ಸುಳ್ಳು ಹೇಳಿದೆ.

ಈಗಷ್ಟೇ ವೈಶಾಲಿಯ ಮನೆಯಿಂದ ಬಂದೆ. ವೈಶಾಲಿಯ ಅಮ್ಮ "ಬರ್ರೀ ಟೀಚರ್, ಬಾರಪ್ಪಾ" ಎಂದು ಒಳಗೆ ಕೂರಿಸಿದರು. ವೈಶಾಲಿ ನೀರು ತಂದು ಎದುರಿಗೆ ಕೂತಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಒಂದೂ ಬರಲಿಲ್ಲ. "ತಮಾಷೆಗೆ ಮಾಡಿದ್ದು ಮಾರಾಯ್ತಿ. ಸಣ್ಣವರಿದ್ದೆವಲ್ಲ. ತಪ್ಪಾಯ್ತು, ಹೆ ಹೆ" ಎಂದೆ.

ಅವಳು ಭುಜ ಕುಗ್ಗಿಸಿ, ಕಿವಿಯ ಹಿಂದೆ ತುರಿಸಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಹೇಳಿದಳು: "ತಮಾಷೆಗೆ ಮಾಡಿದ್ದು ಮಾರಾಯ್ತಿ. ಸಣ್ಣವರಿದ್ದೆವಲ್ಲ. ತಪ್ಪಾಯ್ತು, ಹೆ ಹೆ."

ನಾನೇ! ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ತಪ್ಪಾಯ್ತು ಎಂಬ ಮಾತಿಗೆ ಕೂಡಲೇ ಒಂದು ನಗು ಅಂಟಿಸಿ ಜಾರಿಕೊಳ್ಳುವ ಆ ಮನುಷ್ಯನನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅವಳ ಅಮ್ಮನೂ ನಕ್ಕರು. ವೈಶಾಲಿ ಮಾತ್ರ ನಗಲಿಲ್ಲ.

"ಇನ್ನೊಮ್ಮೆ ಹೇಳು" ಎಂದಳು, ತನ್ನದೇ ಧಾರವಾಡದ ಕನ್ನಡದಲ್ಲಿ. "ಈ ಸಲ ನಗಲಾರದ."