ಎಫಿ ಆಂಟಿಯ ಜನಗಣತಿ

ಸ್ಕಾಟ್‌ಲೆಂಡಿನ ನಮ್ಮ ಬೆಲ್ಸ್‌ಹಿಲ್ ಊರಿನಲ್ಲಿ ಬದುಕಿರುವವರು ಎಫಿ ಆಂಟಿಯ ಬಾಯಿಂದ ಹೇಗೋ ತಪ್ಪಿಸಿಕೊಳ್ಳಬಹುದು, ಸತ್ತವರಿಗೆ ಮಾತ್ರ ಬಿಡುಗಡೆಯಿಲ್ಲ. ತಮ್ಮ ಕಡೆಯ ಸ್ಕಾಟರನ್ನೂ ಗಂಡ ವಿನ್ಸಿಯ ಕಡೆಯ ಲಿಥುವೇನಿಯದವರನ್ನೂ ಮದುವೆ ದಾಖಲೆಗಳಲ್ಲಿ, ನೂರು ವರ್ಷ ಮುಚ್ಚಿಟ್ಟು ಆಮೇಲೆ ಜನರಿಗೆ ತೆರೆಯುವ ಜನಗಣತಿಯಲ್ಲಿ ಬೆನ್ನಟ್ಟುವುದೇ ಅವರ ಕೆಲಸ. ಎರಡು ಗಣತಿಗಳ ನಡುವಿನ ಹತ್ತು ವರ್ಷದಲ್ಲಿ ತಮ್ಮ ಮುತ್ತಜ್ಜಿ ಜೀನ್‌ಳ ವಯಸ್ಸು ಆರೇ ವರ್ಷ ಏರಿದ್ದನ್ನು ಕಂಡು, "ನಾಚಿಕೆ ಆಗಲ್ವೇನೇ ನಿಂಗೆ? ಸುಳ್ಳಿ!" ಎಂದು ಗ್ರಂಥಾಲಯದಲ್ಲೇ ಕೂಗಿ ಹೊರಗೆ ಹಾಕಿಸಿಕೊಂಡಿದ್ದರು. ಹೆಸರು ಹೇಳಲು ನಾಲಿಗೆ ಹೊರಳದ ಗಣಿ ಮೇಸ್ತ್ರಿಯೊಬ್ಬ ಹಿಂದೆ, ಕಲ್ಲಿದ್ದಲು ಗಣಿಯ ಕೆಲಸಕ್ಕೆ ಬಂದ ಬೀದಿಯ ಲಿಥುವೇನಿಯದವರನ್ನೆಲ್ಲ ಸಾರಾಸಗಟಾಗಿ 'ಬ್ರೌನ್' ಎಂದು ಬರೆಸಿದ್ದಕ್ಕೆ, ಅವನ ಗೋರಿ ಹುಡುಕಿಕೊಂಡು ಹೋಗಿ ಕೊಡೆಯಿಂದ ಕುಟ್ಟಿ ಬಂದಿದ್ದಾರೆ. ಸಾವಿನ ಮನೆಯಲ್ಲಿ ಸಂತಾಪಕ್ಕೂ ಮೊದಲು, "ನಿಮ್ಮಮ್ಮನ ತವರಿನ ಹೆಸರೇನಪ್ಪಾ?" ಎನ್ನುತ್ತಾರೆ, ಮದುವೆಯಲ್ಲಿ ಸಾಕ್ಷಿಗಳ ಸಹಿ ಪರೀಕ್ಷಿಸದೆ ಕೇಕ್ ಮುಟ್ಟುವುದಿಲ್ಲ. "ನನ್ನೊಬ್ನನ್ನ ಹುಡುಕ್ಬೇಡ ಮಾರಾಯ್ತಿ, ಅಡುಗೆಮನೇಲೇ ಇದೀನಿ" ಎಂದು ವಿನ್ಸಿ ಅಂಕಲ್ ಕೂಗುತ್ತಿದ್ದರು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಈ ಸಲದ ಗಣತಿಯ ಹಾಳೆ ಬಂದಾಗ ಪಕ್ಕದ ಮನೆಯ ನಾನು ಎದುರಿಗೇ ಕೂತಿದ್ದೆ. ಮನೆಯಲ್ಲಿ ಇರುವವರು ಯಾರ್ಯಾರು ಎಂಬಲ್ಲಿ ಆಂಟಿ ದಪ್ಪ ಅಕ್ಷರದಲ್ಲಿ ಇಬ್ಬರ ಹೆಸರು ಬರೆದರು. "ಏನ್ ಆಂಟಿ, ನೀವೇ ಸುಳ್ಳು ಬರೀತಿದೀರಲ್ಲ!" ಎಂದೆ. ಶಾಯಿ ಆರಲೆಂದು ಅಂಕಲ್ ಹೆಸರಿನ ಮೇಲೆ ಮೆಲ್ಲಗೆ ಊದುತ್ತ ಅವರೆಂದರು: "ನೂರು ವರ್ಷ ಆದ್ಮೇಲೆ ಯಾವಳೋ ಓದಿ ನಂಗೆ ಬೈಕೊಳ್ಲಿ ಬಿಡು. ಅಲ್ಲೀವರೆಗೂ ಇವ್ರು ಮನೇಲೇ ಇರ್ಲಿ."